ಹರ್ಷನನ್ನು ತಡೆದವನ ಹೆಸರಿನ ಬಡಾವಣೆಯಲ್ಲಿ

ಉಳಿತಾಯದ ಬಗ್ಗೆ ಉಪದೇಶ ಮಾಡುವವರು ಮೊದಲು ತಮ್ಮ ಮನೆ ಎಲ್ಲಿ ಅಂತ ಹೇಳಬೇಕು. ಮಲ್ಲೇಶ್ವರ, ಬಸವನಗುಡಿಯವರಾದರೆ ಅವರ ಮಾತನ್ನು ನಾನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಅಲ್ಲಿ ಒಂದು ಬೆಣ್ಣೆ ಮಸಾಲೆ, ಒಂದು ಬೈಟು ಕಾಫಿ ಆಯಿತು ಅಂದರೆ ಆ ದಿನದ ಬಾಯಿಚಪಲ ತೀರಿತು. ಮಿಕ್ಕ ದುಡ್ಡು ತಾನಾಗಿ ಬ್ಯಾಂಕಿಗೆ ನಡೆದು ಹೋಗುತ್ತದೆ. ಅದೇ ಜನ ಪುಲಿಕೇಶಿನಗರದಲ್ಲಿ ಸಂಸಾರ ಹೂಡಿ ತೋರಿಸಲಿ ನೋಡೋಣ. ಇಲ್ಲಿ ಅರ್ಧ ಲೀಟರ್ ಹಾಲು ತರುತ್ತೇನೆ ಅಂತ ಸಂಜೆ ಹೊರಟವರು ಮಾಸ್ಕ್ ರೋಡ್ ದಾಟಬೇಕು. ದಾಟುವಷ್ಟರಲ್ಲಿ ಒಂದು ಕಡೆ ಕೆಂಡದ ಮೇಲೆ ಕಬಾಬ್ ಚಟಪಟ ಅನ್ನುತ್ತಿರುತ್ತದೆ. ಇನ್ನೊಂದು ಕಡೆ, 1902ರಿಂದ ಈ ಭಾಗದ ಜನರ ಸಂಕಲ್ಪ ಕೆಡಿಸಿಕೊಂಡು ಬಂದಿರುವ ಆಲ್ಬರ್ಟ್ ಬೇಕರಿ ಮಧ್ಯಾಹ್ನದ ಮೇಲೆ ಬಾಗಿಲು ತೆಗೆದು ಬಿಸಿ ಪಫ್ಫಿನ ವಾಸನೆಯನ್ನು ಬೀದಿಗೆ ಬಿಟ್ಟಿರುತ್ತದೆ. ಅದನ್ನೂ ಗೆದ್ದು ವೀಲರ್ ರೋಡಿಗೆ ತಿರುಗಿದಿರೋ, ಅಲ್ಲಿ ಥಾಮ್ಸ್ ಬೇಕರಿ. ರಂಜಾನ್ ತಿಂಗಳ ಮಾತಂತೂ ಬೇಡವೇ ಬೇಡ. ಉಪವಾಸ ಮಾಡುವವರಿಗಿಂತ ಮಾಡದ ನಾವೇ ಸೂರ್ಯಾಸ್ತಕ್ಕೆ ಹೆಚ್ಚು ಕಾಯುತ್ತೇವೆ.

ಬಡಾವಣೆಯ ಹೆಸರಿನ ಮರ್ಯಾದೆಗಾದರೂ ಸ್ವಲ್ಪ ಬಿಗಿ ಇರಬೇಕಿತ್ತು. ಇದು ಶುರುವಾದದ್ದು ಮೈಸೂರಿನ ರೆಸಿಡೆಂಟ್ ಆಗಿದ್ದ ಸ್ಟುವರ್ಟ್ ಫ್ರೇಜರ್ ಸಾಹೇಬರ ಹೆಸರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಎಳೆವಯಸ್ಸಿನಲ್ಲಿ ಪಾಠ ಹೇಳಿದವರು ಅವರೇ. ಆಮೇಲೆ ಸಾಹೇಬರನ್ನು ಇಳಿಸಿ ಚಾಲುಕ್ಯರ ಇಮ್ಮಡಿ ಪುಲಿಕೇಶಿಯನ್ನು ಕೂರಿಸಿದರು. ಯಾರು ಆ ಪುಲಿಕೇಶಿ? ಉತ್ತರಾಪಥದ ಹರ್ಷವರ್ಧನ ಆನೆ ಕುದುರೆ ಸಮೇತ ದಂಡೆತ್ತಿ ಬಂದಾಗ ನರ್ಮದೆಯ ಆಚೆಗೇ ತಡೆದು ನಿಲ್ಲಿಸಿದ ಪುಣ್ಯಾತ್ಮ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಅದನ್ನು ಕಲ್ಲಿನಲ್ಲಿ ಕೊರೆಸಿಯೂ ಇಟ್ಟಿದ್ದಾನೆ. ಅಂಥವನ ಹೆಸರಿನ ಬಡಾವಣೆಯಲ್ಲಿದ್ದುಕೊಂಡು ನಮ್ಮ ಯಜಮಾನರಿಗೆ ಒಂದು ಮಟನ್ ಪಫ್ ತಡೆದುಕೊಳ್ಳಲಾಗುವುದಿಲ್ಲ.

ಹಾಗಂತ ನಾವು ಹಳೇ ಹೆಸರನ್ನು ಬಿಟ್ಟೂ ಇಲ್ಲ. ರೇಷನ್ ಕಾರ್ಡು, ವೋಟರ್ ಲಿಸ್ಟು, ಗೃಹಲಕ್ಷ್ಮಿ ಅರ್ಜಿ ಅಂದರೆ ಪುಲಿಕೇಶಿನಗರ. ಬಿರಿಯಾನಿ ತರಿಸುವಾಗ ಫ್ರೇಜರ್ ಟೌನ್. ಬರುವ ದುಡ್ಡೆಲ್ಲ ಚಾಲುಕ್ಯರ ವಿಳಾಸಕ್ಕೆ, ಹೋಗುವ ದುಡ್ಡೆಲ್ಲ ಸಾಹೇಬರ ವಿಳಾಸದಿಂದ.

ಯಜಮಾನರ ಮಾತು ಬಂತಲ್ಲ, ಮುಗಿಸಿಬಿಡುತ್ತೇನೆ. ಲೆಕ್ಕದಲ್ಲಿ ಅವರು ಮಹಾ ನಿಯತ್ತಿನ ಮನುಷ್ಯ. ದೂರವಾಣಿನಗರದ ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಜೀವಮಾನವಿಡೀ ನಟ್ಟು ಬೋಲ್ಟು ಎಣಿಸಿ ರಿಟೈರಾದವರು. ಇನ್ಶೂರೆನ್ಸ್ ಏಜೆಂಟರು ವರ್ಷವರ್ಷವೂ ಬಿಟ್ಟಿ ಕೊಡುವ ಡೈರಿಯಲ್ಲಿ ರಾತ್ರಿ ಊಟವಾದ ಮೇಲೆ ಕನ್ನಡಕ ಏರಿಸಿ ಕೂರುತ್ತಾರೆ. ಹಾಲು, ಸೊಪ್ಪು, ಹೂವು, ಇಸ್ತ್ರಿ, ಕೇಬಲ್ಲು, ಎಲ್ಲಕ್ಕೂ ಎದುರು ರೂಪಾಯಿ, ಪೈಸೆ ಸಮೇತ ಅಂಕಿ. ಪೈಸೆ ಈಗ ಕಣ್ಣಿಗೇ ಬೀಳದಿದ್ದರೂ ಎರಡು ಸೊನ್ನೆ ಹಾಕದೆ ಅವರಿಗೆ ನಿದ್ದೆ ಬರುವುದಿಲ್ಲ. ಕೊನೆಯಲ್ಲಿ ಒಂದು ಸಾಲು: ‘ಇತರೆ’. ಹಾಲಿನ ಎದುರು 46.00 ಅಂತ ಇದ್ದರೆ ಇತರೆಯ ಎದುರು 210.00. ಒಂದು ದಿನ ಹಿಂದಿನ ಪುಟಗಳನ್ನು ತಿರುವಿ ಹಾಕಿದೆ. ಮನೆಯಲ್ಲಿ ಬಾಡಿಗೆ ಬಿಟ್ಟರೆ ಅತಿ ದೊಡ್ಡ ಖರ್ಚು ಇತರೆಯೇ.

“ಏನ್ರೀ ಇದು ಇತರೆ?”

“ಪೆನ್ನಿಗೆ ರೀಫಿಲ್ಲು, ಅದೂ ಇದೂ.”

“ರೀಫಿಲ್ಲು ತಿಂದರೆ ಷರಟಿನ ಮೇಲೆ ಪುಡಿ ಉದುರುತ್ತಾ?”

ಇತರೆ ಸೊನ್ನೆಯಾಗುವುದು ವಾರಕ್ಕೆರಡೇ ದಿನ. ನಮ್ಮ ಮನೆದೇವರು ತಿರುಪತಿ ತಿಮ್ಮಪ್ಪ. ಶನಿವಾರ ಮಾಂಸ ಮೊಟ್ಟೆ ಮುಟ್ಟುವ ಹಾಗಿಲ್ಲ. ಸೋಮವಾರವೂ ಇಲ್ಲ, ಅದು ನಂಜುಂಡೇಶ್ವರನ ಕೃಪೆ. ನಮ್ಮ ಮನೆಯಲ್ಲಿ ಇದುವರೆಗೆ ಆಗಿರುವ ಉಳಿತಾಯದಲ್ಲಿ ದೇವರುಗಳ ಪಾಲೇ ಹೆಚ್ಚು. ಶ್ರಾವಣಮಾಸವನ್ನು ವರ್ಷಕ್ಕೆರಡು ಸಲ ಇಟ್ಟಿದ್ದರೆ ನಾವು ಇಷ್ಟೊತ್ತಿಗೆ ಸ್ವಂತ ಮನೆ ಕಟ್ಟಿಕೊಂಡಿರುತ್ತಿದ್ದೆವು.

ಮಗನದು ಇನ್ನೊಂದು ಪಂಥ. ಅವನು ಡೈರಿ ಇಡುವುದಿಲ್ಲ, ಫೋನೇ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದಂತೆ. ತಿಂಗಳ ಕೊನೆಗೆ ದುಂಡನೆಯ ಬಣ್ಣದ ಚಿತ್ರ ಬರುತ್ತದೆ, ಹಸಿರು ಭಾಗ ಊಟ, ನೀಲಿ ಭಾಗ ಓಡಾಟ. ಚಿತ್ರ ನೋಡಿ “ಓ” ಅನ್ನುತ್ತಾನೆ. ಅಲ್ಲಿಗೆ ಆ ತಿಂಗಳ ಹಣಕಾಸು ಅಧಿವೇಶನ ಮುಕ್ತಾಯ. ಮೊನ್ನೆ ಚಟ್ನಿಗೆ ಕೊತ್ತಂಬರಿ ಸೊಪ್ಪು ಇರಲಿಲ್ಲ. “ಹತ್ತೇ ನಿಮಿಷ ಅಮ್ಮಾ” ಅಂದ. ಸೊಪ್ಪಿಗೆ ಹದಿನೈದು ರೂಪಾಯಿ. ತಂದುಕೊಡುವುದಕ್ಕೆ ಮೂವತ್ತು. ಇನ್ನೂರರ ಮೇಲೆ ತೆಗೆದುಕೊಂಡರೆ ಆ ಮೂವತ್ತು ಮಾಫಿ. ಮೂವತ್ತು ಉಳಿಸಬೇಕಲ್ಲ? ಹಾಗಾಗಿ ಎರಡು ಪೊಟ್ಟಣ ಚಿಪ್ಸು, ಒಂದು ಡಬ್ಬ ಐಸ್‌ಕ್ರೀಮು, ಯಾವುದೋ ಕೊರಿಯಾ ದೇಶದ ನೂಡಲ್ಸು ಸೇರಿಕೊಂಡವು. ಕೊತ್ತಂಬರಿ ಬಂತು, ನಾಲ್ಕು ಕಡ್ಡಿ, ಪ್ಲಾಸ್ಟಿಕ್ ಚೀಲದೊಳಗೆ ಬೆವರುತ್ತಾ.

ಕಾಕ್ಸ್‌ಟೌನ್ ಮಾರ್ಕೆಟ್ಟಿನಲ್ಲಿ ನಾನು ಸೊಪ್ಪು ಕೊಳ್ಳುವ ಅಮ್ಮನ ಹತ್ತಿರ ನಡೆಯುವ ವ್ಯವಹಾರವನ್ನು ಇವನಿಗೆ ಹೇಗೆ ಅರ್ಥ ಮಾಡಿಸಲಿ? ಅಲ್ಲಿ ಕಾಲು ಕೆಜಿ ಬೀನ್ಸ್ ತೂಗಿದ ಮೇಲೆ ನಾನು ಕೈಚೀಲದ ಬಾಯಿ ಮುಚ್ಚುವುದೇ ಇಲ್ಲ, ಹಾಗೇ ಹಿಡಿದುಕೊಂಡು ನಿಂತಿರುತ್ತೇನೆ. ಆಕೆ ನನ್ನನ್ನು ನೋಡುವುದಿಲ್ಲ. ನಾನು ಆಕೆಯನ್ನು ನೋಡುವುದಿಲ್ಲ. ಸ್ವಲ್ಪ ಹೊತ್ತು ಕಳೆದ ಮೇಲೆ ಆಕೆ ನಿಟ್ಟುಸಿರು ಬಿಟ್ಟು ಒಂದು ಹಿಡಿ ಕರಿಬೇವು, ಎರಡು ಹಸಿಮೆಣಸಿನಕಾಯಿ ಎತ್ತಿ ಚೀಲಕ್ಕೆ ಹಾಕುತ್ತಾಳೆ. ಅದು ಕೊಸರು. ಕೊಸರಿಲ್ಲದೆ ಬಂದರೆ ಆ ದಿನ ಇಡೀ ಯಾರೋ ಮೋಸ ಮಾಡಿದ ಭಾವನೆ. ಇಷ್ಟು ವರ್ಷದ ಕೊಸರನ್ನು ಲೆಕ್ಕ ಹಾಕಿದರೆ ಒಂದು ಕರಿಬೇವಿನ ತೋಟವನ್ನೇ ನಾನು ಬಿಟ್ಟಿಯಾಗಿ ಮನೆಗೆ ತಂದಿದ್ದೇನೆ. ಫೋನಿನಲ್ಲಿ ಕೊಸರು ಕೇಳುವ ಗುಂಡಿ ಎಲ್ಲಿದೆ ಅಂತ ಮಗನನ್ನು ಕೇಳಿದೆ. ಇನ್ನೂ ಹುಡುಕುತ್ತಿದ್ದಾನೆ.

ಹೆಂಗಸರು ಖರ್ಚು ಮಾಡುವುದಿಲ್ಲ ಅಂತ ಮಾತ್ರ ನಾನು ವಾದ ಮಾಡುವವಳಲ್ಲ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದು ಬಸ್ಸು ಬಿಟ್ಟಿಯಾಯಿತಲ್ಲ, ಆಮೇಲೆ ನಮ್ಮ ಬೀದಿಯ ಹೆಂಗಸರಿಗೆಲ್ಲ ರಸೆಲ್ ಮಾರ್ಕೆಟ್ ಮೇಲೆ ಒಮ್ಮೆಲೇ ಪ್ರೀತಿ ಉಕ್ಕಿತು. 1927ರ ಕಟ್ಟಡ, ಎತ್ತರದ ಕಮಾನು, ಒಳಗೆ ತರಕಾರಿ ಅಗ್ಗ. ಹೋಗುವಾಗ ಟಿಕೆಟ್ಟಿಗೆ ಸೊನ್ನೆ, ತರಕಾರಿಯಲ್ಲಿ ಐವತ್ತು ರೂಪಾಯಿ ಉಳಿತಾಯ. ಇಷ್ಟು ಉಳಿಸಿದವರು ಕಮರ್ಷಿಯಲ್ ಸ್ಟ್ರೀಟ್ ಕಡೆ ಹಾಗೇ ಒಂದು ಸುತ್ತು ಹಾಕದೆ ಬರಲಾದೀತೇ? ಬರುವಾಗ ಒಂದು ಕೈಯಲ್ಲಿ ಬೀಟ್‌ರೂಟು, ಇನ್ನೊಂದು ಕೈಯಲ್ಲಿ ಎರಡು ಚೂಡಿದಾರದ ಬಟ್ಟೆ. ಚೀಲ ಭಾರವಾಯಿತು ಅಂತ ಆಟೋ. ಪುಕ್ಕಟೆ ಬಸ್ಸಿನಿಂದ ಆಟೋದವರಿಗೆ ನಷ್ಟ ಅಂತ ಯಾರು ಹೇಳಿದರೋ.

ಮಿತವ್ಯಯ ಮಾಡುವವರ ಮೇಲೆ ಈ ಲೋಕಕ್ಕೆ ಕರುಣೆಯೂ ಇಲ್ಲ ನೋಡಿ. ಅದೇ ವರ್ಷ ಗೃಹಜ್ಯೋತಿ ಬಂತು. 200 ಯೂನಿಟ್ ತನಕ ಕರೆಂಟು ಉಚಿತ ಅಂದರೂ, ಪ್ರತಿ ಮನೆಗೂ 2022–23ರ ಸರಾಸರಿ ಬಳಕೆ, ಅದರ ಮೇಲೆ ಶೇ 10 ಅಂತ ಮಿತಿ. ಆ ವರ್ಷ ಎಸಿ, ಗೀಸರ್ ಉರಿಸಿ ತಿಂಗಳಿಗೆ 150 ಯೂನಿಟ್ ಸುಟ್ಟವರಿಗೆ 165 ಬಿಟ್ಟಿ. ಕತ್ತಲಲ್ಲಿ ಕೂತು 40ರಲ್ಲಿ ಮುಗಿಸಿದವರಿಗೆ 44. 2024ರ ಜನವರಿಯಲ್ಲಿ ಕಡಿಮೆ ಬಳಸುವವರಿಗೆ ಶೇ 10ರ ಬದಲು 10 ಯೂನಿಟ್ ಅಂತ ತಿದ್ದಿದರು, ಆದರೂ ಜಿಪುಣರ ಗಾಯ ಮಾಯಲಿಲ್ಲ. ನಮ್ಮ ಬೀದಿ ಕೊನೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ, ಬಚ್ಚಲಿಗೆ ಹೋಗುವಾಗ ಹಜಾರದ ದೀಪ ಆರಿಸಿ, ಬಂದು ಬಚ್ಚಲಿನದು ಆರಿಸಿ ಹಜಾರದ್ದು ಹಾಕುವವರು. “ಮೊದಲೇ ಒಂದು ಮಾತು ಹೇಳಿದ್ದರೆ ಆ ಒಂದು ವರ್ಷ ಹಗಲು ರಾತ್ರಿ ಗೀಸರ್ ಹಾಕಿಟ್ಟಿರುತ್ತಿದ್ದೆ ತಾಯಿ” ಅಂತ ಇವತ್ತಿಗೂ ಸಂಕಟಪಡುತ್ತಾರೆ.

ಹಾಲಿನದು ಇನ್ನೂ ತಮಾಷೆ. 2024ರ ಜೂನ್‌ನಲ್ಲಿ ಪೊಟ್ಟಣಕ್ಕೆ ಎರಡು ರೂಪಾಯಿ ಏರಿಸಿ ಜತೆಗೆ 50 ಮಿಲಿ ಹಾಲನ್ನೂ ಸೇರಿಸಿದರು. ಬೆಲೆ ಏರಿಕೆ ಅಂತ ಬೈಯುವ ಹಾಗಿಲ್ಲ, ಹಾಲು ಜಾಸ್ತಿ ಕೊಟ್ಟಿದ್ದಾರಲ್ಲ! ಮುಂದಿನ ಏಪ್ರಿಲ್ 1ಕ್ಕೆ 50 ಮಿಲಿ ವಾಪಸ್ ಹೋಯಿತು, ಲೀಟರಿಗೆ ನಾಲ್ಕು ರೂಪಾಯಿ ಏರಿತು. ತಾರೀಕು ಏಪ್ರಿಲ್ ಒಂದೇ, ನಾನು ಸೇರಿಸಿದ್ದಲ್ಲ.

ಇಷ್ಟೆಲ್ಲ ನೋಡಿದ ಮೇಲೆ ನನಗನ್ನಿಸುವುದು ಇಷ್ಟು. ಡೈರಿ ಬರೆದರೆ, ಬಣ್ಣದ ಚಿತ್ರ ನೋಡಿದರೆ ದುಡ್ಡು ಯಾವ ಬಾಗಿಲಿನಿಂದ ಹೋಯಿತು ಅಂತ ಗೊತ್ತಾಗುತ್ತದೆ, ಅಷ್ಟೆ. ದುಡ್ಡು ನಿಲ್ಲಬೇಕಾದರೆ ಅದು ಕಣ್ಣಿಗೆ ಬೀಳಬಾರದು, ಕೈಗೆ ಎಟುಕಬಾರದು. ಗಂಡನ ಕಣ್ಣಿಗೆ, ಮಗನ ಕಣ್ಣಿಗೆ ಅಂತ ನಾವು ಹೇಳಿಕೊಳ್ಳುತ್ತೇವೆ. ನಿಜ ಹೇಳಬೇಕೆಂದರೆ ನಮ್ಮ ಕಣ್ಣಿಗೇ ಬೀಳಬಾರದು. ಈ ಶಾಸ್ತ್ರವನ್ನು ಕಂಡುಹಿಡಿದವಳು ಸಾಸಿವೆ ಡಬ್ಬಿಯಲ್ಲಿ ಮೊದಲ ನೋಟನ್ನು ಮಡಚಿಟ್ಟ ಯಾವಳೋ ಅಜ್ಜಿ. ಅವಳಿಗೆ ಯಾವ ವಿಶ್ವವಿದ್ಯಾಲಯವೂ ಡಾಕ್ಟರೇಟ್ ಕೊಡಲಿಲ್ಲ.

ಈಗ ಸಾಸಿವೆ ಡಬ್ಬಿ ಸುರಕ್ಷಿತವಲ್ಲ ಬಿಡಿ. ಸಿನಿಮಾ, ಸೀರಿಯಲ್ಲು ನೋಡಿ ನೋಡಿ ಗಂಡಸರಿಗೆಲ್ಲ ಗೊತ್ತಾಗಿಬಿಟ್ಟಿದೆ. ಅನುಭವಸ್ಥರು ಆಗಾಗ ಜಾಗ ಬದಲಿಸುತ್ತಾರೆ. ರಾಗಿ ಡ್ರಮ್ಮಿನ ತಳ ಒಳ್ಳೆಯದು, ಹಿಟ್ಟು ಮಾಡಿಸುವ ದಿನ ನೆನಪಿರಬೇಕು. ಗ್ಯಾಸ್ಕೆಟ್ ಹೋದ ಹಳೇ ಕುಕ್ಕರ್ ಇನ್ನೂ ಒಳ್ಳೆಯದು, ಅದನ್ನು ರಿಪೇರಿ ಮಾಡಿಸುವ ಯೋಚನೆ ಯಾವ ಗಂಡಸಿಗೂ ಬರುವುದಿಲ್ಲ. ರೇಷ್ಮೆ ಸೀರೆಯ ಮಡಿಕೆ ಬೇಡ, ತಂಗಿ ಮದುವೆಗೆ ಉಡಲು ಕೇಳುತ್ತಾಳೆ. ಇಂಗಿನ ಡಬ್ಬಿ ಖಂಡಿತ ಬೇಡ; ಆ ನೋಟು ಎಲ್ಲಿಂದ ಬಂತು ಅಂತ ಬ್ಯಾಂಕಿನ ಕೌಂಟರಿನಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ.

ಪುರಂದರದಾಸರ ಕಥೆ ನೆನಪಿದೆಯಲ್ಲ? ದಾಸರಾಗುವ ಮುಂಚೆ ಶ್ರೀನಿವಾಸ ನಾಯಕ, ಕೈಬಿಚ್ಚದ ಸಾಹುಕಾರ. ಹೆಂಡತಿ ಸರಸ್ವತಿಬಾಯಿ ಬೇಡಿ ಬಂದ ಬಡ ಬ್ರಾಹ್ಮಣನಿಗೆ ಗಂಡನಿಗೆ ಹೇಳದೆ ಮೂಗುತಿ ಬಿಚ್ಚಿಕೊಟ್ಟಳು. ಅವನು ಹೋಗಿ ಹೋಗಿ ಅದೇ ನಾಯಕನ ಅಂಗಡಿಗೇ ಮಾರಲು ತಂದ. ನಾಯಕ ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಮನೆಗೆ ಬಂದು “ಮೂಗುತಿ ಎಲ್ಲಿ?” ಅಂದ. ಮುಂದಿನದು ದೇವರ ಆಟ. ಮನೆಯಲ್ಲಿ ಅವಳು ಕುಡಿಯಹೊರಟ ವಿಷದ ಬಟ್ಟಲಿಗೆ ಮೂಗುತಿ ಬಿತ್ತು, ಅಂಗಡಿಯ ಪೆಟ್ಟಿಗೆಯಲ್ಲಿದ್ದದ್ದು ಮಾಯವಾಯಿತು, ನಾಯಕ ಆಸ್ತಿಯೆಲ್ಲ ದಾನ ಮಾಡಿ ತಂಬೂರಿ ಹಿಡಿದ. ಹರಿಕಥೆ ದಾಸರು ಇದನ್ನು ವೈರಾಗ್ಯದ ಕಥೆ ಅನ್ನುತ್ತಾರೆ. ನಮ್ಮ ಬೀದಿಯ ಹೆಂಗಸರು ತೆಗೆದುಕೊಳ್ಳುವ ಅರ್ಥ ಬೇರೆ: ಹೆಂಡತಿಯ ಪೆಟ್ಟಿಗೆಯ ಲೆಕ್ಕ ಕೇಳಿದ ಒಂದೇ ಕಾರಣಕ್ಕೆ ನವಕೋಟಿ ಹೋಯಿತು. ಸಂಗೀತಕ್ಕೆ ಲಾಭವಾಯಿತು, ಸರಿ. ನಮ್ಮ ಯಜಮಾನರಿಗೆ ಶ್ರುತಿ ನಿಲ್ಲುವುದಿಲ್ಲ, ಅವರು ಕೇಳದಿರುವುದೇ ಕ್ಷೇಮ.

ಅವರು ಕೇಳಲಿಲ್ಲ ಕೂಡ. ಕೇಳಿದ್ದು ಸರ್ಕಾರ. 2016ರ ನವೆಂಬರ್ 8, ರಾತ್ರಿ ಎಂಟು ಗಂಟೆ. ಐನೂರು, ಸಾವಿರದ ನೋಟು ಮಧ್ಯರಾತ್ರಿಯಿಂದ ನಡೆಯುವುದಿಲ್ಲ ಅಂತ ಟಿವಿಯಲ್ಲಿ ಹೇಳಿದಾಗ ಯಜಮಾನರು ಸೋಫಾದ ಮೇಲೆ ಕಾಲು ಚಾಚಿ “ಕಪ್ಪುಹಣ ಇಟ್ಟವರಿಗೆ ಸರಿಯಾಯ್ತು” ಅಂತ ನಗುತ್ತಿದ್ದರು. ನಾನು ಒಳಗೆ ಹೋಗಿ ಒಗ್ಗರಣೆ ಹಾಕುವ ನೆಪದಲ್ಲಿ ಡಬ್ಬಿಗಳನ್ನು ಎಣಿಸತೊಡಗಿದೆ. ಪಕ್ಕದ ಮನೆ ಅಡುಗೆಕೋಣೆಯಲ್ಲೂ ಪಾತ್ರೆ ಸದ್ದು. ಮೇಲಿನ ಮನೆಯಲ್ಲೂ ಸದ್ದು. ಅವತ್ತು ರಾತ್ರಿ ಬೀದಿಯ ಗಂಡಸರೆಲ್ಲ ಹಜಾರದಲ್ಲಿ ದೇಶದ ಅರ್ಥವ್ಯವಸ್ಥೆ ಚರ್ಚೆ ಮಾಡುತ್ತಿದ್ದರು, ದೇಶದ ಅರ್ಥವ್ಯವಸ್ಥೆ ಅಡುಗೆಮನೆಯಲ್ಲಿ ಸ್ಟೂಲು ಹತ್ತಿ ಅಟ್ಟ ತಡಕುತ್ತಿತ್ತು. ಎರಡೂವರೆ ಲಕ್ಷದ ತನಕ ಕಟ್ಟುವ ಗೃಹಿಣಿಯರನ್ನು ತೆರಿಗೆಯವರು ಪ್ರಶ್ನೆ ಮಾಡುವುದಿಲ್ಲ ಅಂತ ಸರ್ಕಾರ ಆಮೇಲೆ ಭರವಸೆ ಕೊಟ್ಟಿತು. ತೆರಿಗೆಯವರ ಭಯ ಯಾರಿಗಿತ್ತು? ಬ್ಯಾಂಕಿಗೆ ಕೊಂಡೊಯ್ಯಲು ಚೀಲ ಹಿಡಿದು ಹೊರಟಾಗ ಬಾಗಿಲಲ್ಲಿ ಯಜಮಾನರು ಎದುರಾದರು. ಚೀಲದೊಳಗೆ ಒಮ್ಮೆ ನೋಡಿದರು, ನನ್ನ ಮುಖ ಒಮ್ಮೆ ನೋಡಿದರು.

“ನನ್ನ ಸಂಬಳದಲ್ಲಿ ಇಷ್ಟಿತ್ತಾ?”

ಪಾಪ, ಆ ದನಿಯಲ್ಲಿ ಕೋಪ ಇರಲಿಲ್ಲ. ಹೆಮ್ಮೆ ಇತ್ತು.

ದುಡ್ಡನ್ನು ಕೈಗೆ ಸಿಗದ ಹಾಗೆ ಇಡುವುದನ್ನೇ ಕಸುಬು ಮಾಡಿಕೊಂಡವರು ನಮ್ಮ ಕರಾವಳಿಯವರು. 1928ರಲ್ಲಿ ಉಡುಪಿ ಕಡೆಯ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, ಪಿಗ್ಮಿ ಠೇವಣಿ ಅಂತ ತೆಗೆಯಿತು. ದಿನಕ್ಕೆ ಎರಡಾಣೆ. ಏಜೆಂಟ್ ಮನೆಬಾಗಿಲಿಗೇ ಬಂದು ವಸೂಲು ಮಾಡುತ್ತಿದ್ದ. ಬಡ್ಡಿಗಿಂತ ಹೆಚ್ಚು ಕೆಲಸ ಮಾಡಿದ್ದು ಏಜೆಂಟನ ಮುಂದೆ ಆಗುವ ನಾಚಿಕೆ: ದಿನಾ ಬಂದು ನಿಲ್ಲುವವನಿಗೆ “ಇವತ್ತಿಲ್ಲ” ಅನ್ನುವುದು ಹೇಗೆ? ಅಂಚೆ ಕಚೇರಿಯ ಆರ್‌ಡಿಯಲ್ಲೂ ಅದೇ ಮರ್ಮ. ತಿಂಗಳಿಗೆ ನೂರು ರೂಪಾಯಿಯಿಂದ ಶುರು, 60 ಕಂತು. ಶೇ 6.7ರ ಬಡ್ಡಿಯಲ್ಲಿ ತಿಂಗಳಿಗೆ 1,000 ಕಟ್ಟಿದರೆ ಕೊನೆಗೆ ಕೈಗೆ ಬರುವುದು 71 ಸಾವಿರ ಚಿಲ್ಲರೆ. ಷೇರುಪೇಟೆಯ ಹುಡುಗರು ಇದನ್ನು ಕೇಳಿ ನಗುತ್ತಾರೆ, ನಗಲಿ. ನಮ್ಮ ಬೀದಿಗೆ ಬರುವ ಆರ್‌ಡಿ ಏಜೆಂಟಮ್ಮನನ್ನು ಅವರು ನೋಡಿಲ್ಲ. ಕಂತು ತಪ್ಪಿದರೆ ಆಕೆ ಏನೂ ಅನ್ನುವುದಿಲ್ಲ. ಹೊಸ್ತಿಲ ಮೇಲೆ ಕೂತು ನೀರು ಕೇಳಿ ಕುಡಿದು “ಪರವಾಗಿಲ್ಲ ಬಿಡಮ್ಮ, ಎಲ್ಲರಿಗೂ ಕಷ್ಟ ಇರುತ್ತೆ” ಅಂತ ಇಡೀ ಮೆಟ್ಟಿಲಿಗೆ ಕೇಳುವ ಹಾಗೆ ಸಮಾಧಾನ ಹೇಳುತ್ತಾಳೆ. ಅದಾದ ಮೇಲೆ ಯಾರೂ ಕಂತು ತಪ್ಪಿಸುವುದಿಲ್ಲ.

ಚಿನ್ನದಂಗಡಿಯವರ ಸ್ಕೀಮು ಹನ್ನೊಂದು ತಿಂಗಳದ್ದು ಯಾಕೆ ಅಂತ ಯಾವಾಗಲಾದರೂ ಯೋಚಿಸಿದ್ದೀರಾ? ಸಾಮಾನಿಗೆ ಮುಂಗಡ ಪಡೆದ ಕಂಪನಿ 365 ದಿನದೊಳಗೆ ಸಾಮಾನು ಕೊಡಬೇಕು, ಇಲ್ಲದಿದ್ದರೆ ಅದು ಠೇವಣಿಯಾಗುತ್ತದೆ ಅಂತ 2014ರ ನಿಯಮ. ನಮಗೆ ಅದೆಲ್ಲ ಬೇಕಿಲ್ಲ. ದುಡ್ಡು ಬಳೆಯಾಗಿ ಕೈಗೆ ಬಂದರೆ ಅದನ್ನು ಮುರಿದು ಬಿರಿಯಾನಿ ತಿನ್ನುವವರು ಹುಟ್ಟಿಲ್ಲ ಅನ್ನುವುದೊಂದೇ ಸಾಕು. ಗೃಹಲಕ್ಷ್ಮಿಯ ಎರಡು ಸಾವಿರವೂ ಹಾಗೆಯೇ. ತಿಂಗಳು ತಿಂಗಳು ಸರಿಯಾಗಿ ಬಂದರೆ ತಿಂಗಳು ತಿಂಗಳೇ ಕರಗುತ್ತದೆ. ತಡವಾಗಿ ನಾಲ್ಕೈದು ಕಂತು ಒಟ್ಟಿಗೆ ಬಿದ್ದರೆ ಫ್ರಿಜ್ಜು ಬರುತ್ತದೆ. ವಿಳಂಬವನ್ನೂ ಒಂದು ಉಳಿತಾಯ ಯೋಜನೆ ಅಂತ ಘೋಷಿಸಿಬಿಟ್ಟರೆ ಸರ್ಕಾರಕ್ಕೂ ಮರ್ಯಾದೆ.

ಈ ಬಚ್ಚಿಡುವ ವಿದ್ಯೆಗೆ ಶನಿಯಾಗಿ ಬಂದದ್ದು ಫೋನಿನ ಕ್ಯೂಆರ್. ಬೀಡಾ ಅಂಗಡಿ, ಹೂವಿನವಳ ಬುಟ್ಟಿ, ಎಳನೀರಿನ ಗಾಡಿ, ಎಲ್ಲ ಕಡೆ ಆ ಚೌಕುಳಿ ಚಿತ್ರ. ನೋಟು ಕೊಡುವಾಗ ಕೈ ಒಂದು ಕ್ಷಣ ತಡೆಯುತ್ತದೆ, ಗಾಂಧೀಜಿ ಮುಖ ನೋಡುತ್ತಾರೆ. ಫೋನು ಟಣ್ ಅಂದರೆ ಆಯಿತು. 2025ರ ಜುಲೈನಲ್ಲಿ ಒಂದು ವಿಚಿತ್ರ ನಡೆಯಿತು. ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆಯವರು ಸಣ್ಣ ಅಂಗಡಿಗಳಿಗೆ ನೋಟಿಸ್ ಕೊಟ್ಟರು, ಬೆಂಗಳೂರಿನ ತುಂಬ ಬೇಕರಿ, ಕಾಂಡಿಮೆಂಟ್ಸ್‌ನವರು “ನೋ ಯುಪಿಐ, ಓನ್ಲಿ ಕ್ಯಾಶ್” ಅಂತ ಚೀಟಿ ಅಂಟಿಸಿದರು. ನನ್ನ ಮಗ ಬೇಕರಿ ಮುಂದೆ ನಿಂತು ಜೇಬು ತಡಕಿ, ಎಟಿಎಂ ಎಲ್ಲಿದೆ ಅಂತ ನೋಡಿ, ಅಷ್ಟು ದೂರ ಯಾರು ನಡೆಯುತ್ತಾರೆ ಅಂತ ಬರಿಗೈಲಿ ಮನೆಗೆ ಬಂದ. ಮೂವತ್ತು ವರ್ಷ ನಾನು ಹೇಳಿದರೂ ಆಗದ ಕೆಲಸವನ್ನು ತೆರಿಗೆ ಇಲಾಖೆ ಒಂದು ವಾರದಲ್ಲಿ ಮಾಡಿತು. ಆಮೇಲೆ ಸರ್ಕಾರ ಅಂಗಡಿಯವರ ಜತೆ ರಾಜಿಗೆ ಬಂತು, ಚೀಟಿಗಳು ಹರಿದವು, ಮಗ ಮತ್ತೆ ದಪ್ಪಗಾದ.

ಬಚ್ಚಿಡುವ ಜಾಗ ಯಾವುದು ಅನ್ನುವುದು ಮಾತ್ರ ತಮಾಷೆಯ ವಿಷಯವಲ್ಲ. 2019ರ ಜೂನ್‌ನಲ್ಲಿ ಶಿವಾಜಿನಗರದ ಲೇಡಿ ಕರ್ಜನ್ ರೋಡಿನಲ್ಲಿ ಐಎಂಎ ಕಂಪನಿಯ ಬಾಗಿಲು ಮುಚ್ಚಿದಾಗ ಅದರ ಮುಂದೆ ನೆರೆದ ಹೆಂಗಸರನ್ನು ಈ ಭಾಗದವರು ಯಾರೂ ಮರೆತಿಲ್ಲ. ಹತ್ತಾರು ಸಾವಿರ ಜನರ ದುಡ್ಡು. ಮಗಳ ಮದುವೆಗೆ ಅಂತ ಇಟ್ಟದ್ದು, ಒಡವೆ ಮಾರಿ ಹಾಕಿದ್ದು, ಗಲ್ಫಿನಿಂದ ಗಂಡ ಕಳಿಸಿದ್ದು. ತಿಂಗಳು ತಿಂಗಳು ಲಾಭ ಬರುತ್ತಿತ್ತಲ್ಲ, ಅದೇ ಎಲ್ಲರ ಬಾಯಿ ಮುಚ್ಚಿಸಿತ್ತು. ನಮ್ಮ ಚೀಟಿಯ ಒಬ್ಬ ಆಪಾ ಕೂಡ ಅದರಲ್ಲಿ ಕಳೆದುಕೊಂಡರು. ಎಷ್ಟು ಅಂತ ನಾವು ಕೇಳಲಿಲ್ಲ. ಆ ವರ್ಷ ಅವರ ಚೀಟಿ ಕಂತು ಎರಡು ತಿಂಗಳು ತಡವಾದಾಗಲೂ ಯಾರೂ ಕೇಳಲಿಲ್ಲ.

ಹೌದು, ಚೀಟಿ. ಅದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಕಾನೂನು ಗೊತ್ತಿಲ್ಲದವಳೇನಲ್ಲ ನಾನು: 1982ರ ಕಾಯ್ದೆ ಇದೆ, ರಿಜಿಸ್ಟ್ರೇಷನ್ ಬೇಕು, ಕಂಪನಿಯವರು ಶೇ 5 ಇದ್ದ ಕಮಿಷನನ್ನು 2019ರ ತಿದ್ದುಪಡಿಯ ಮೇಲೆ ಶೇ 7ರ ತನಕ ಇಟ್ಟುಕೊಳ್ಳಬಹುದು. ಸರ್ಕಾರದ ರಕ್ಷೆ ಬೇಕು ಅನ್ನುವವರಿಗೆ ಎಂಎಸ್‌ಐಎಲ್ ಚೀಟಿ ಇದೆ, ನಿಶ್ಚಿಂತೆಯಾಗಿ ಸೇರಿ. ನಮ್ಮದು ನಮ್ಮ ಕಟ್ಟಡ, ಎದುರು ಕಟ್ಟಡ, ಹಿಂದಿನ ವಠಾರದ ಇಪ್ಪತ್ತು ಹೆಂಗಸರದು. ರಕ್ಷೆ ಏನಪ್ಪಾ ಅಂದರೆ ಯಾರ ಮನೆ ಬಾಗಿಲು ಎಷ್ಟು ಹೊತ್ತಿಗೆ ತೆಗೆಯುತ್ತದೆ, ಯಾರ ಗಂಡ ಯಾವ ಶಿಫ್ಟು, ಯಾರ ಮನೆಯಲ್ಲಿ ಇವತ್ತು ಏನು ಸಾರು, ಎಲ್ಲ ಎಲ್ಲರಿಗೂ ಗೊತ್ತು.

ತಲಾ 5,000, ಇಪ್ಪತ್ತು ಜನ, ಒಟ್ಟು ಲಕ್ಷ. ನಡೆಸುವವರು ಕೆಳಮನೆಯ ತಮಿಳು ಪಾಟಿ. ಮೊದಲ ತಿಂಗಳ ಪೂರ್ತಿ ಲಕ್ಷ ಅವರದ್ದು, ಬೇರೆ ಕಮಿಷನ್ ಇಲ್ಲ. ಎರಡನೇ ತಿಂಗಳಿಂದ ಕೂಗು. ಯಾರಿಗೆ ತುರ್ತೋ ಅವರು ಇಷ್ಟು ಬಿಡುತ್ತೇನೆ ಅಂತ ಕೂಗುತ್ತಾರೆ. ಹದಿನೆಂಟು ಸಾವಿರಕ್ಕೆ ನಿಂತಿತು ಅನ್ನಿ: ಎತ್ತಿದವರಿಗೆ 82,000, ಬಿಟ್ಟ ಹದಿನೆಂಟು ಇಪ್ಪತ್ತು ಜನಕ್ಕೆ ಹಂಚಿ ತಲಾ 900. ಆ ತಿಂಗಳು ನಾವು ಕಟ್ಟುವುದು 4,100. ರಿಸರ್ವ್ ಬ್ಯಾಂಕಿನವರು ಮುಂಬೈಯಲ್ಲಿ ಕೂತು ರೆಪೊ ದರ ಏನಾದರೂ ಮಾಡಿಕೊಳ್ಳಲಿ, ನಮ್ಮ ಬೀದಿಯ ಬಡ್ಡಿ ದರ ತೀರ್ಮಾನವಾಗುವುದು ಪಾಟಿಯ ಹಜಾರದಲ್ಲಿ. ಜೂನ್‌ನಲ್ಲಿ ಸ್ಕೂಲ್ ಫೀಸು, ಕೂಗು ಆಕಾಶಕ್ಕೆ. ಓಣಂ, ಗೌರಿ ಗಣೇಶ, ಸೆಪ್ಟೆಂಬರ್ 8ರ ಸೇಂಟ್ ಮೇರಿ ಹಬ್ಬ ಒಂದರ ಹಿಂದೆ ಒಂದು ಬಂದರೆ ಮಲಯಾಳಿ ಚೇಚಿ, ನಾನು, ಮೂಲೆಮನೆ ಆಂಟಿ ಮೂವರೂ ಜಿದ್ದಿಗೆ ಬೀಳುತ್ತೇವೆ. ಫೆಬ್ರವರಿಯಲ್ಲಿ ಯಾರಿಗೂ ದುಡ್ಡು ಬೇಡ, ಮೂರು ಸಾವಿರಕ್ಕೇ ಚೀಟಿ ಬಿಕರಿ. ಹಬ್ಬದ ಜಿದ್ದಿನಲ್ಲೂ ಬಿಟ್ಟುಕೊಟ್ಟು ನಾನು ಯಾವಾಗಲೂ ಕೊನೆಯ ತನಕ ಕಾಯುವವಳು. ಕೊನೆಯವಳಿಗೆ ಕೂಗೂ ಇಲ್ಲ, ಕಡಿತವೂ ಇಲ್ಲ.

ಕೂಗಿನ ದಿನ ಪಾಟಿ ಉಯ್ಯಾಲೆಯ ಮೇಲೆ ಕೂತು ರೂಲ್ಡ್ ನೋಟ್‌ಬುಕ್ ಬಿಚ್ಚುತ್ತಾರೆ. ಒಂದು ಕೈಯಲ್ಲಿ ಪೆನ್ನು, ಇನ್ನೊಂದು ಕೈಯಲ್ಲಿ ವೀಳ್ಯದೆಲೆ. ಮೂರು ಸಲ ಹೇಳಿ ತೊಡೆ ತಟ್ಟಿದರೆ ಮುಗಿಯಿತು, ಆಮೇಲೆ ದೇವರು ಬಂದರೂ ಬದಲಿಲ್ಲ. ಕೂಗು ಮುಗಿದ ಮೇಲೆ ತಿಂಡಿ. ಎತ್ತಿದವರು ಎಲ್ಲರಿಗೂ ಪಫ್ ತರಿಸಬೇಕು ಅನ್ನುವುದು ಚೀಟಿಯಷ್ಟೇ ಹಳೆಯ ಕಟ್ಟಳೆ. ಶಾಕಾಹಾರಿಗಳಿಗೆ ತರಕಾರಿಯದು, ನನಗೆ ವಾರ ನೋಡಿಕೊಂಡು.

ಈ ಸಲದ ಚೀಟಿ ಮುಗಿಯುತ್ತಾ ಬಂತು. ಹೊಸದು ಹಾಕಬೇಕು, ಒಬ್ಬರು ಊರು ಬಿಟ್ಟು ಹೋಗುತ್ತಿದ್ದಾರೆ, ಒಂದು ಜಾಗ ಖಾಲಿ. ಅದು ಹೇಗೋ ಯಜಮಾನರ ಕಿವಿಗೆ ಬಿದ್ದಿದೆ. ಒಂದು ರಾತ್ರಿ ಡೈರಿ ಮುಚ್ಚಿ, ಕನ್ನಡಕ ಒರೆಸಿಕೊಳ್ಳುತ್ತಾ ಕೇಳಿದರು:

“ನಿಮ್ಮ ಚೀಟಿಗೆ ಗಂಡಸರನ್ನೂ ಸೇರಿಸಿಕೊಳ್ತೀರೇನೇ?”

ಪಾಟಿಯ ಹಜಾರದಲ್ಲಿ ವಿಷಯ ಇಟ್ಟೆ. ಚೇಚಿ ನಕ್ಕರು. ಆಪಾ “ಭಾಯಿಸಾಬ್ ಒಳ್ಳೆಯವರು, ಲೆಕ್ಕ ಗೊತ್ತು, ಸೇರಿಸ್ಕೋಬಹುದು” ಅಂದರು. ಪಾಟಿ ಬಹಳ ಹೊತ್ತು ವೀಳ್ಯದೆಲೆ ಅಗಿದರು.

“ಸೇರಿಸೋಣಮ್ಮ. ಜಾಮೀನು ಯಾರು ನಿಲ್ತಾರೆ?”

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಪಫ್ ಸರಿಯಾಗಿ ಇಪ್ಪತ್ತು ಬಂದಿದೆಯೋ ಇಲ್ಲವೋ ಎಣಿಸುತ್ತಿದ್ದೆ.